ಛಿಟ್‌ಮಹಲಿನ 68 ವರ್ಷ

ಗಡಿ ವಿವಾದ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಯುದ್ಧ. ಟ್ಯಾಂಕು, ಸೈನಿಕರು, ಟಿವಿಯಲ್ಲಿ ಗಂಟಲು ಹರಿಯುವಂತೆ ಕೂಗುವ ಚರ್ಚೆಗಳು. ಯುದ್ಧವಿಲ್ಲದೆ ಮುಗಿದ ಗಡಿ ವಿವಾದಗಳೂ ಇವೆ. ಆದರೆ ಅವು ಒಂದು ದಿನದ ಸುದ್ದಿಯಾಗಿ ಮರೆಯಾಗಿಬಿಡುತ್ತವೆ. ಭಾರತ ಮತ್ತು ಬಾಂಗ್ಲಾದೇಶದ ನಡುವೆ ಅಂಥದೊಂದು ವಿವಾದ 2015ರ ಜುಲೈ 31ರ ಮಧ್ಯರಾತ್ರಿ ಮುಗಿಯಿತು. ಅಂದು ಒಂದು ಗುಂಡೂ ಹಾರಲಿಲ್ಲ. 51 ಸಾವಿರಕ್ಕಿಂತ ಹೆಚ್ಚು ಜನರಿಗೆ ಮೊದಲ ಬಾರಿಗೆ ತಾವು ಯಾವ ದೇಶದವರು ಎಂದು ಹೇಳಿಕೊಳ್ಳುವ ಅವಕಾಶ ಸಿಕ್ಕಿತು. ನಮ್ಮ ಓದುಗರಲ್ಲಿ ಅನೇಕರಿಗೆ ಈ ಚರಿತ್ರೆ ಗೊತ್ತಿರಲಾರದು ಎಂದುಕೊಂಡು ಈ ಸಂಚಿಕೆಯಲ್ಲಿ ಅದನ್ನು ತುಸು ವಿವರವಾಗಿ ಬರೆಯುತ್ತಿದ್ದೇವೆ.

ಪಶ್ಚಿಮ ಬಂಗಾಳದ ಉತ್ತರಕ್ಕೆ ಕೂಚ್ ಬಿಹಾರ್ ಎಂಬ ಜಿಲ್ಲೆಯಿದೆ. ಅದಕ್ಕೆ ತಾಗಿ ಗಡಿಯ ಆಚೆ ಬಾಂಗ್ಲಾದೇಶದ ರಂಗಪುರ ಭಾಗ. ಈ ಗಡಿಯ ಎರಡೂ ಬದಿಗಳಲ್ಲಿ ಸಣ್ಣ ಸಣ್ಣ ತುಣುಕು ಭೂಮಿ ಚೆಲ್ಲಾಪಿಲ್ಲಿಯಾಗಿ ಬಿದ್ದಿತ್ತು. ಬಾಂಗ್ಲಾದೇಶದ ಹೊಟ್ಟೆಯೊಳಗೆ ಭಾರತಕ್ಕೆ ಸೇರಿದ 111 ತುಣುಕು, ಒಟ್ಟು 17,160 ಎಕರೆ. ಭಾರತದ ಒಳಗೆ ಬಾಂಗ್ಲಾದೇಶಕ್ಕೆ ಸೇರಿದ 51 ತುಣುಕು, ಒಟ್ಟು 7,110 ಎಕರೆ. ಇವು ಒಪ್ಪಂದದಲ್ಲಿ ವಿನಿಮಯಕ್ಕೆ ಬಂದ ಲೆಕ್ಕ ಮಾತ್ರ. ಅಲ್ಲಿಯ ಜನ ಇವನ್ನು ಛಿಟ್‌ಮಹಲ್ ಎನ್ನುತ್ತಾರೆ. ಛಿಟ್ ಎಂದರೆ ಸಿಡಿದು ಬಿದ್ದ ಚೂರು, ಮಹಲ್ ಎಂದರೆ ಕಂದಾಯದ ಹಳ್ಳಿ. ಮಹಲ್ ಎಂಬುದು ಅರಮನೆಯಲ್ಲ, ಮೊಗಲರ ಕಾಲದ ಕಂದಾಯ ಇಲಾಖೆಯ ಮಾತು.

ತುಣುಕಿನೊಳಗೆ ಮತ್ತೊಂದು ತುಣುಕೂ ಇತ್ತು. ದಹಲಾ ಖಗ್ರಾಬಾಡಿ ಎಂಬಲ್ಲಿ ಭಾರತದ ಒಂದು ಹೊಲ, ಸುಮಾರು ಒಂದೂಮುಕ್ಕಾಲು ಎಕರೆಯಷ್ಟು. ಅದರ ಸುತ್ತ ಬಾಂಗ್ಲಾದೇಶದ ಒಂದು ಹಳ್ಳಿ. ಆ ಹಳ್ಳಿಯ ಸುತ್ತ ಭಾರತದ ಇನ್ನೊಂದು ಛಿಟ್. ಅದರ ಸುತ್ತ ಬಾಂಗ್ಲಾದೇಶ. ಆ ಹೊಲದ ಯಜಮಾನ ಬಾಂಗ್ಲಾದೇಶದ ಒಬ್ಬ ರೈತ. ಎತ್ತು ಹೊಡೆದುಕೊಂಡು ತನ್ನ ಹೊಲಕ್ಕೆ ಹೋಗಿ ಬರುವಷ್ಟರಲ್ಲಿ ಅವನು ಕಾಗದದ ಲೆಕ್ಕದಲ್ಲಿ ಎಷ್ಟು ಸಲ ದೇಶ ಬದಲಿಸುತ್ತಿದ್ದ ಎಂದು ನೀವೇ ಎಣಿಸಿ ನೋಡಿ. ಜಗತ್ತಿನ ಬೇರೆ ಎಲ್ಲೂ ಇಂಥ ಮೂರು ಸುತ್ತಿನ ಗಂಟು ಇರಲಿಲ್ಲ.

ಇದು ಹೇಗಾಯಿತು? ಅಲ್ಲಿ ಎರಡು ಕಥೆ ಪ್ರಚಲಿತವಾಗಿವೆ. ಒಂದು, ಕೂಚ್ ಬಿಹಾರಿನ ರಾಜನೂ ರಂಗಪುರದ ಫೌಜ್ದಾರನೂ ಚದುರಂಗ ಆಡುತ್ತಾ ಹಳ್ಳಿಗಳನ್ನು ಪಣಕ್ಕಿಡುತ್ತಿದ್ದರು, ಗೆದ್ದ ಹಳ್ಳಿ ಗೆದ್ದವನಿಗೆ ಎಂಬುದು. ಇನ್ನೊಂದು, ಗಡಿ ಗೆರೆ ಎಳೆಯುತ್ತಿದ್ದ ಬ್ರಿಟಿಷ್ ಅಧಿಕಾರಿಯೊಬ್ಬ ಕುಡಿದ ಅಮಲಿನಲ್ಲಿ ಮಸಿ ಕುಡಿಕೆ ಚೆಲ್ಲಿದ, ಮಸಿ ಬಿದ್ದ ಚುಕ್ಕಿಗಳೆಲ್ಲ ಛಿಟ್ ಆದವು ಎಂಬುದು. ಎರಡೂ ಕೇಳಲು ಸೊಗಸು, ಎರಡೂ ನಿಜವಲ್ಲ. ತಮ್ಮ ಬದುಕನ್ನು ಯಾರೋ ದೊಡ್ಡವರು ಆಟಕ್ಕೋ ಅಮಲಿಗೋ ಹಾಳು ಮಾಡಿದರು ಎಂಬ ಬಡವರ ಸಿಟ್ಟು ಮಾತ್ರ ಈ ಕಥೆಗಳಲ್ಲಿ ನಿಜವಾಗಿಯೇ ಇದೆ.

ದಾಖಲೆಯಲ್ಲಿ ಸಿಗುವ ಚರಿತ್ರೆ ಇಷ್ಟು. ಹದಿನೇಳನೇ ಶತಮಾನದ ಕೊನೆಯಿಂದ ಮೊಗಲ್ ಸೈನ್ಯ ಕೂಚ್ ಬಿಹಾರಿನ ಮೇಲೆ ಏರಿ ಹೋಗುತ್ತಿತ್ತು. 1713ರ ಸುಮಾರಿಗೆ ಒಂದು ಸಂಧಿಯಾಯಿತು. ಬೋದಾ, ಪಾಟ್‌ಗ್ರಾಮ್, ಪೂರ್ವಭಾಗ ಎಂಬ ಮೂರು ಚಕ್ಲಾಗಳು ಮೊಗಲರ ಕಡೆಗೆ ಬಂದವು. ಆದರೆ ಆ ಚಕ್ಲಾಗಳ ಒಳಗೆ ಕೂಚ್ ಬಿಹಾರಿನ ರಾಜನಿಗೆ ನಿಷ್ಠರಾದ ಜಮೀನ್ದಾರರು ತಮ್ಮ ಹಳ್ಳಿಗಳನ್ನು ಬಿಟ್ಟುಕೊಡಲಿಲ್ಲ. ಅದೇ ರೀತಿ ಕೂಚ್ ಬಿಹಾರಿನ ಒಳಗೆ ನೆಲೆಯೂರಿದ್ದ ಮೊಗಲ್ ಸೈನಿಕರು ತಮ್ಮ ಕೈಯಲ್ಲಿದ್ದ ನೆಲದಿಂದ ಏಳಲಿಲ್ಲ. ಯಾರ ಹಳ್ಳಿ ಯಾರಿಗೆ ಕಂದಾಯ ಕಟ್ಟುತ್ತದೋ ಅದು ಅವರದು, ಅಷ್ಟೇ. ಜನರಿಗೆ ಇದರಿಂದ ತೊಂದರೆಯೇನೂ ಆಗಲಿಲ್ಲ. ಒಬ್ಬ ರೈತ ಈ ರಾಜನಿಗೆ ಕಂದಾಯ ಕಟ್ಟಿ, ಆ ನವಾಬನ ಸಂತೆಯಲ್ಲಿ ಸೆಣಬು ಮಾರಿ, ಸಂಜೆಗೆ ಮನೆಗೆ ಬರುತ್ತಿದ್ದ. ಯಾರೂ ಅವನನ್ನು ತಡೆದು ಚೀಟಿ ಕೇಳುತ್ತಿರಲಿಲ್ಲ.

ಇದು ಬಂಗಾಳದ ವಿಚಿತ್ರವೇನಲ್ಲ. ನಮ್ಮ ಉತ್ತರ ಕರ್ನಾಟಕದ ಹಿರಿಯರಿಗೆ ಇಂಥದು ಗೊತ್ತಿತ್ತು. ಹುಬ್ಬಳ್ಳಿಯ ಪಕ್ಕದ ಕುಂದಗೋಳ ದೂರದ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಶಿರಹಟ್ಟಿ ಸಾಂಗ್ಲಿಗೆ ಸೇರಿತ್ತು. ಸವಣೂರು ಅಲ್ಲಿಯ ನವಾಬರದ್ದು. ಸುತ್ತಲಿನ ಧಾರವಾಡ ಜಿಲ್ಲೆ ಬ್ರಿಟಿಷರದ್ದು. ಕುಂದಗೋಳದ ಮನುಷ್ಯ ಹುಬ್ಬಳ್ಳಿಯ ಸಂತೆಗೆ ಹೋಗಲು ಪಾಸ್‌ಪೋರ್ಟ್ ಮಾಡಿಸಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಇವೆಲ್ಲ ಒಂದೇ ದೇಶದೊಳಗೆ ಸೇರಿದವು. ಹಾಗಾಗಿ ಇವತ್ತಿನ ಹುಡುಗರಿಗೆ ಆ ಹಳೆಯ ಎಲ್ಲೆಗಳ ಗುರುತೂ ಇಲ್ಲ. ಕೂಚ್ ಬಿಹಾರಿನ ಹಣೆಬರಹ ಬೇರೆಯಾಯಿತು. ನೆಲ ಹಿಂದಿನಿಂದಲೂ ತುಂಡು ತುಂಡಾಗಿಯೇ ಇತ್ತು. ಆ ತುಂಡುಗಳ ನಡುವೆ ಎರಡು ರಾಷ್ಟ್ರಗಳ ಬೇಲಿ ಬಂದದ್ದು ಹೊಸತು.

1947ರ ಆಗಸ್ಟ್ 17ರಂದು ರ‍್ಯಾಡ್‌ಕ್ಲಿಫ್ ಎಳೆದ ಗೆರೆ ಪ್ರಕಟವಾಯಿತು. ರಂಗಪುರ ಪೂರ್ವ ಪಾಕಿಸ್ತಾನಕ್ಕೆ ಹೋಯಿತು. ಕೂಚ್ ಬಿಹಾರ್ ಸಂಸ್ಥಾನವಾಗಿದ್ದುದರಿಂದ ಆ ಗೆರೆಯ ಲೆಕ್ಕಕ್ಕೆ ಬರಲಿಲ್ಲ. ಅದರ ಮಹಾರಾಜ ಜಗದ್ದೀಪೇಂದ್ರ ನಾರಾಯಣ 1949ರ ಆಗಸ್ಟಿನಲ್ಲಿ ವಿಲೀನ ಪತ್ರಕ್ಕೆ ಸಹಿ ಹಾಕಿದರು. 1950ರ ಜನವರಿ 1ರಂದು ಅದು ಪಶ್ಚಿಮ ಬಂಗಾಳದ ಜಿಲ್ಲೆಯಾಯಿತು. ರಾಜನ ಜೊತೆಗೆ ರಾಜನ ಹಳ್ಳಿಗಳೆಲ್ಲ ಭಾರತಕ್ಕೆ ಸೇರಿದವು, ರಂಗಪುರದ ನಡುಮಧ್ಯೆ ಇದ್ದವೂ ಸೇರಿದಂತೆ. ಮೊದಲ ಎರಡು ಮೂರು ವರ್ಷ ಹೇಗೋ ನಡೆಯಿತು. 1952ರ ಅಕ್ಟೋಬರಿನಲ್ಲಿ ಭಾರತ ಮತ್ತು ಪೂರ್ವ ಪಾಕಿಸ್ತಾನದ ನಡುವೆ ಪಾಸ್‌ಪೋರ್ಟ್, ವೀಸಾ ಕಡ್ಡಾಯವಾದಾಗ ಛಿಟ್‌ಮಹಲಿನ ಬಾಗಿಲು ಮುಚ್ಚಿಕೊಂಡಿತು.

ಆ ಬಾಗಿಲು ಹೇಗೆ ಮುಚ್ಚಿತು ಎಂಬುದನ್ನು ತುಸು ನಿಧಾನವಾಗಿ ನೋಡಬೇಕು. ರಂಗಪುರದೊಳಗಿನ ಭಾರತೀಯ ಛಿಟ್‌ನಲ್ಲಿರುವ ಒಬ್ಬನನ್ನು ತೆಗೆದುಕೊಳ್ಳಿ. ಅವನು ಭಾರತೀಯ. ತನ್ನ ಜಿಲ್ಲಾ ಕಚೇರಿಗೆ ಹೋಗಬೇಕಾದರೆ ನಡುವೆ ಪಾಕಿಸ್ತಾನದ ನೆಲ ದಾಟಬೇಕು. ದಾಟಲು ವೀಸಾ ಬೇಕು. ವೀಸಾಕ್ಕೆ ಪಾಸ್‌ಪೋರ್ಟ್ ಬೇಕು. ಪಾಸ್‌ಪೋರ್ಟ್ ಮಾಡಿಸಲು ಭಾರತದ ಊರಿಗೆ ಹೋಗಬೇಕು. ಹೋಗಬೇಕಾದರೆ ನಡುವೆ ಪಾಕಿಸ್ತಾನದ ನೆಲ ದಾಟಬೇಕು. ಅಂದರೆ ಕಾನೂನು ಪಾಲಿಸಲು ಹೊರಡುವವನು ಮೊದಲು ಕಾನೂನು ಮುರಿಯಲೇಬೇಕು. ಉಪ್ಪು ತರಲು ಹೊರಟರೂ ಅಷ್ಟೇ, ಹೆರಿಗೆ ನೋವಿನ ಹೆಂಡತಿಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ಹೊರಟರೂ ಅಷ್ಟೇ.

ಸುತ್ತಲಿನ ಹಳ್ಳಿಗಳಿಗೆ ಕರೆಂಟು ಬಂತು, ತಂತಿ ಛಿಟ್‌ನ ತಲೆಯ ಮೇಲಿಂದ ಹಾದುಹೋಯಿತು, ಛಿಟ್‌ನೊಳಗೆ ಚಿಮಣಿ ದೀಪವೇ ಉಳಿಯಿತು. ರಸ್ತೆ ಛಿಟ್‌ನ ಅಂಚಿಗೆ ಬಂದು ನಿಂತಿತು. ಶಾಲೆ ಇಲ್ಲ, ಆಸ್ಪತ್ರೆ ಇಲ್ಲ, ಪಡಿತರ ಚೀಟಿ ಇಲ್ಲ, ಮತಪಟ್ಟಿ ಇಲ್ಲ. ಜನಗಣತಿಯವರೂ ಬರುತ್ತಿರಲಿಲ್ಲ. ಕಳವಾದರೆ, ಕೊಲೆಯಾದರೆ ದೂರು ಕೊಡಲು ಠಾಣೆ ಇಲ್ಲ. ಈ ದೇಶದ ಪೊಲೀಸರಿಗೆ ಅದು ಪರದೇಶ, ಆ ದೇಶದ ಪೊಲೀಸರಿಗೆ ದಾರಿಯಿಲ್ಲ. ಹಾಗಾಗಿ ಸುತ್ತಲಿನ ಕಳ್ಳಸಾಗಣೆದಾರರು ಇಲ್ಲಿ ಬಂದು ಅಡಗುತ್ತಿದ್ದರು. ಗಾಂಜಾ ಬೆಳೆಯುತ್ತಿತ್ತು. ಆಮೇಲೆ, ನೋಡಿ ಛಿಟ್‌ನವರೆಲ್ಲ ಕಳ್ಳರು, ಎಂಬ ಮಾತೂ ಹುಟ್ಟಿತು.

ಜಮೀನು ಇದ್ದರೂ ಅದಕ್ಕೆ ಬೆಲೆಯಿರಲಿಲ್ಲ. ನಮ್ಮಲ್ಲಿ ಪಹಣಿ ಎನ್ನುವಂತೆ ಅಲ್ಲಿ ಖತಿಯಾನ್ ಎನ್ನುತ್ತಾರೆ. ಅಜ್ಜನ ಹೆಸರಿನಲ್ಲಿದ್ದ ಹಳೆಯ ಖತಿಯಾನ್ ಕೂಚ್ ಬಿಹಾರಿನ ಕಚೇರಿಯಲ್ಲೋ ರಂಗಪುರದ ಕಚೇರಿಯಲ್ಲೋ ಉಳಿದುಹೋಯಿತು. ಮೊಮ್ಮಗ ಆ ಕಚೇರಿಯ ಮೆಟ್ಟಿಲು ಹತ್ತುವಂತಿರಲಿಲ್ಲ. ನೆಲ ಮಾರುವುದು, ಕೊಳ್ಳುವುದು, ಅಣ್ಣತಮ್ಮಂದಿರ ಪಾಲು ಎಲ್ಲವೂ ಬಿಳಿ ಹಾಳೆಯ ಮೇಲೆ ಊರ ಹಿರಿಯರ ಸಾಕ್ಷಿಯಲ್ಲಿ ನಡೆಯುತ್ತಿತ್ತು. ಬಲವಿದ್ದವನು ಒಪ್ಪದಿದ್ದರೆ ಆ ಹಾಳೆಯೂ ಹೋಯಿತು, ನೆಲವೂ ಹೋಯಿತು.

ಇದೆಲ್ಲಕ್ಕಿಂತ ನಮ್ಮನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಮಕ್ಕಳನ್ನು ಓದಿಸಬೇಕೆಂದಿದ್ದ ಛಿಟ್‌ನ ತಂದೆತಾಯಿಗಳು ಪಕ್ಕದ ಹಳ್ಳಿಯ ಪರಿಚಯಸ್ಥನೊಬ್ಬನ ಕೈಕಾಲು ಹಿಡಿದು, ಕೆಲವೊಮ್ಮೆ ದುಡ್ಡು ಕೊಟ್ಟು, ಶಾಲೆಯ ದಾಖಲೆಯಲ್ಲಿ ಮಗುವಿನ ತಂದೆ ಎಂದು ಅವನ ಹೆಸರು ಬರೆಸುತ್ತಿದ್ದರು. ಆಸ್ಪತ್ರೆಯಲ್ಲೂ ಹಾಗೆಯೇ. ಹೆರಿಗೆಗೆ ಬಂದ ಹೆಣ್ಣುಮಗಳು ಗಂಡನ ಹೆಸರೆಂದು ಬೇರೆ ಯಾರದೋ ಹೆಸರು ಹೇಳಬೇಕಿತ್ತು. ನಿಜವಾದ ವಿಳಾಸ ಹೇಳಿದರೆ ಹೊರಗೆ ಕಳಿಸುವ ಭಯ. ನಸಬ್, ಅಂದರೆ ವಂಶದ ಗುರುತು, ನಮ್ಮ ದೀನಿನಲ್ಲಿ ಎಷ್ಟು ದೊಡ್ಡ ವಿಷಯ ಎಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಸಾಕುಮಗುವನ್ನೂ ಹೆತ್ತ ತಂದೆಯ ಹೆಸರಿನಿಂದಲೇ ಕರೆಯಬೇಕೆಂಬ ಆಜ್ಞೆಯಿದೆ. ಅಂಥ ನಂಬಿಕೆಯ ಒಬ್ಬ ತಂದೆ ತನ್ನ ಕೈಯಾರೆ ಮಗನ ಹೆಸರಿನ ಮುಂದೆ ಪರರ ಹೆಸರು ಬರೆಸಿ ಬರುವಾಗ ಅವನ ಮನಸ್ಸು ಹೇಗಿದ್ದೀತು? ಹಿಂದೂ ತಂದೆಯ ಸಂಕಟವೂ ಕಡಿಮೆಯೇನಲ್ಲ. ಪಿತೃಗಳ ಹೆಸರು ಅವರಿಗೂ ಪವಿತ್ರವೇ. ಮುಂದೆ ಪೌರತ್ವ ಬಂದ ಮೇಲೆ ಈ ಸುಳ್ಳು ಹೆಸರುಗಳೇ ಎಷ್ಟೋ ಯುವಕರ ಕಾಲಿಗೆ ತೊಡಕಾದವು. ಶಾಲೆಯ ಸರ್ಟಿಫಿಕೇಟಿನಲ್ಲಿ ಒಬ್ಬ ತಂದೆ, ಹೊಸ ಗುರುತಿನ ಚೀಟಿಯಲ್ಲಿ ಇನ್ನೊಬ್ಬ ತಂದೆ.

ಹಾಗಾದರೆ ಎರಡು ಸರಕಾರಗಳು ಸುಮ್ಮನಿದ್ದವೇ? ಸುಮ್ಮನಿರಲಿಲ್ಲ. 1958ರ ಸೆಪ್ಟೆಂಬರಿನಲ್ಲೇ ನೆಹರೂ ಮತ್ತು ಪಾಕಿಸ್ತಾನದ ಪ್ರಧಾನಿ ಫಿರೋಜ್ ಖಾನ್ ನೂನ್ ಛಿಟ್‌ಗಳನ್ನು ಪರಸ್ಪರ ಬದಲಾಯಿಸಿಕೊಳ್ಳಲು ಒಪ್ಪಿದ್ದರು. ಅದರ ಜೊತೆಗೆ ಜಲ್‌ಪಾಯ್‌ಗುಡಿ ಜಿಲ್ಲೆಯ ಬೇರುಬಾಡಿ ಎಂಬ ಪ್ರದೇಶವನ್ನು ಅರ್ಧರ್ಧ ಮಾಡಿಕೊಳ್ಳುವ ಮಾತೂ ಇತ್ತು. ಬೇರುಬಾಡಿಯ ಜನ ಎದ್ದುನಿಂತರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ದೇಶದ ನೆಲವನ್ನು ಬಿಟ್ಟುಕೊಡಬೇಕಾದರೆ ಸರಕಾರದ ಸಹಿ ಸಾಲದು, ಸಂವಿಧಾನವನ್ನೇ ತಿದ್ದಬೇಕು ಎಂದು ನ್ಯಾಯಾಲಯ 1960ರಲ್ಲಿ ಹೇಳಿತು. ಆ ವರ್ಷವೇ ಒಂಬತ್ತನೇ ತಿದ್ದುಪಡಿಯೂ ಆಯಿತು. ಆದರೂ ಕೆಲಸ ಆಗಲಿಲ್ಲ. 1965ರ ಯುದ್ಧ ಬಂತು, ಆಮೇಲೆ 1971.

ಬಾಂಗ್ಲಾದೇಶ ಹುಟ್ಟಿದ ಮೇಲೆ 1974ರ ಮೇ 16ರಂದು ಇಂದಿರಾ ಗಾಂಧಿ ಮತ್ತು ಶೇಖ್ ಮುಜೀಬುರ್ ರಹಮಾನ್ ಹೊಸ ಒಪ್ಪಂದಕ್ಕೆ ಸಹಿ ಹಾಕಿದರು. ಬಾಂಗ್ಲಾದೇಶ ಅದೇ ವರ್ಷ ತನ್ನ ಸಂವಿಧಾನ ತಿದ್ದಿ ಒಪ್ಪಂದಕ್ಕೆ ಮುದ್ರೆ ಒತ್ತಿತು. ಭಾರತ ಒತ್ತಲಿಲ್ಲ. ಮರುವರ್ಷ ಆಗಸ್ಟ್ 15ರಂದು ಮುಜೀಬರ ಹತ್ಯೆಯಾಯಿತು. ಆ ಸಹಿ ಬಿದ್ದ ಕಾಗದ 41 ವರ್ಷ ಹಾಗೆಯೇ ಬಿದ್ದಿತ್ತು.

ಯಾಕೆ? ಒಂದೇ ಕಾರಣ ಹೇಳಲಾಗದು. ಕೋರ್ಟಿನಲ್ಲಿ ಮೊಕದ್ದಮೆಗಳಿದ್ದವು. ಗಡಿಯ ಕೆಲವು ಕಡೆ ಸರ್ವೆ ಮುಗಿದಿರಲಿಲ್ಲ. ಆದರೆ ಎಲ್ಲಕ್ಕಿಂತ ದೊಡ್ಡ ಅಡ್ಡಿ ಒಂದು ಭಯ. ವಿನಿಮಯ ಮಾಡಿದರೆ ಭಾರತ ಕೊಡುವ ನೆಲ ಹೆಚ್ಚು, ಪಡೆಯುವ ನೆಲ ಕಡಿಮೆ. ವ್ಯತ್ಯಾಸ ಸುಮಾರು 10,000 ಎಕರೆ. ಹತ್ತು ಸಾವಿರ ಎಕರೆ ತಾಯ್ನಾಡನ್ನು ಬಿಟ್ಟುಕೊಟ್ಟ ಸರಕಾರ ಎಂಬ ಮಾತನ್ನು ಯಾರು ಹೊತ್ತುಕೊಳ್ಳುತ್ತಾರೆ? ಒಂದು ಸರಕಾರ ಹೋಗಿ ಇನ್ನೊಂದು ಬಂದರೂ ಈ ಭಯ ಮಾತ್ರ ಕುರ್ಚಿಯಲ್ಲೇ ಕುಳಿತಿತ್ತು. ಆ ಹತ್ತು ಸಾವಿರ ಎಕರೆಗೆ ಭಾರತದ ಒಬ್ಬ ಗ್ರಾಮ ಲೆಕ್ಕಿಗನೂ ಹೋಗಿ ಬರುವಂತಿರಲಿಲ್ಲ ಎಂಬುದನ್ನು ಭಾಷಣ ಮಾಡುವವರು ಹೇಳುತ್ತಿರಲಿಲ್ಲ. ನಕ್ಷೆಯಲ್ಲಿ ಬಣ್ಣ ನಮ್ಮದು, ಅಷ್ಟೇ. ನೆಲದ ಮೇಲಿನ ಮನುಷ್ಯ ನಮ್ಮವನೋ ಅಲ್ಲವೋ ಎಂಬ ಪ್ರಶ್ನೆಗೆ ಆ ಬಣ್ಣದಲ್ಲಿ ಉತ್ತರವಿರಲಿಲ್ಲ.

ಮಾತು ಬಂದದ್ದರಿಂದ ಇದೇ ಎರಡು ದೇಶಗಳ ಇನ್ನೊಂದು ಹಟದ ಸಂಗತಿಯನ್ನೂ ಇಲ್ಲಿ ಹೇಳಿಬಿಡುತ್ತೇವೆ. 1970ರ ಭೀಕರ ಚಂಡಮಾರುತದ ನಂತರ ಹರಿಯಾಭಂಗಾ ನದಿ ಬಂಗಾಳ ಕೊಲ್ಲಿಗೆ ಸೇರುವ ಕಡೆ ಮರಳಿನ ಒಂದು ದ್ವೀಪ ಕಾಣಿಸಿಕೊಂಡಿತು. ಭಾರತ ಅದನ್ನು ನ್ಯೂ ಮೂರ್ ಎಂದಿತು, ಬಾಂಗ್ಲಾದೇಶ ದಕ್ಷಿಣ ತಾಲ್‌ಪಟ್ಟಿ ಎಂದಿತು. ಅಲ್ಲಿ ಒಂದು ಮನೆಯಿಲ್ಲ, ಒಂದು ಬಾವಿಯಿಲ್ಲ. ಆದರೂ 1981ರಲ್ಲಿ ಅದರ ಮೇಲೆ ಬಾವುಟ ಹಾರಿತು, ನೌಕಾಪಡೆಯ ಹಡಗು ಬಂತು, ಎರಡೂ ಕಡೆ ಪತ್ರಿಕೆಗಳು ಕಾವೇರಿದವು. 2010ರಲ್ಲಿ ಜಾದವ್‌ಪುರ ವಿಶ್ವವಿದ್ಯಾಲಯದ ಸಾಗರ ವಿಜ್ಞಾನಿಗಳು ದ್ವೀಪ ನೀರಿನಲ್ಲಿ ಮುಳುಗಿಹೋಗಿದೆ ಎಂದು ತಿಳಿಸಿದರು. ಕೊನೆಗೆ ಸಮುದ್ರದ ಗಡಿಯ ವಿವಾದ ಅಂತರರಾಷ್ಟ್ರೀಯ ನ್ಯಾಯಮಂಡಳಿಯ ಮುಂದೆ ಹೋಯಿತು. 2014ರ ಜುಲೈಯಲ್ಲಿ ತೀರ್ಪು ಬಂತು. ವಿವಾದದಲ್ಲಿದ್ದ 25,602 ಚದರ ಕಿಲೋಮೀಟರಿನಲ್ಲಿ 19,467 ಬಾಂಗ್ಲಾದೇಶಕ್ಕೆ ಸಿಕ್ಕಿತು. ಭಾರತ ತೀರ್ಪನ್ನು ಒಪ್ಪಿಕೊಂಡಿತು. ದೊಡ್ಡ ದೇಶವೊಂದು ತನಗೆ ಪೂರ್ಣ ಹಿತವಲ್ಲದ ತೀರ್ಪಿಗೆ ತಲೆಬಾಗಿದ್ದು ಸಣ್ಣ ವಿಷಯವಲ್ಲ. ಇಂಥದ್ದನ್ನು ನಾವು ನಮ್ಮ ಮಕ್ಕಳಿಗೆ ಹೆಮ್ಮೆಯಿಂದ ಹೇಳಬೇಕು.

ಛಿಟ್‌ಮಹಲಿನ ವಿಷಯದಲ್ಲಿ ಸರಕಾರಗಳನ್ನು ಎಚ್ಚರಿಸಿದ್ದು ಅಲ್ಲಿಯ ಜನರೇ. ಮಾಜಿ ಶಾಸಕ ದೀಪಕ್ ಸೇನ್‌ಗುಪ್ತ ಆರಂಭಿಸಿದ, ಅವರ ಮಗ ದೀಪ್ತಿಮಾನ್ ಮುಂದುವರಿಸಿದ ಸಮಿತಿಯೊಂದು ಗಡಿಯ ಎರಡೂ ಕಡೆಯ ಛಿಟ್‌ಗಳನ್ನು ಸೇರಿಸಿ ಕೆಲಸ ಮಾಡಿತು. ಹಿಂದೂ ಮುಸ್ಲಿಮ್ ಎನ್ನದೆ ಜನ ಅದರಲ್ಲಿದ್ದರು. ಮೆರವಣಿಗೆ, ಉಪವಾಸ, ಅರ್ಜಿ, ಇವೇ ಅವರ ಆಯುಧ. ಮತವಿಲ್ಲದವನ ಅರ್ಜಿಗೆ ಕಚೇರಿಯಲ್ಲಿ ಎಷ್ಟು ಬೆಲೆ ಎಂಬುದು ನಮಗೆಲ್ಲ ಗೊತ್ತು. ಆದರೂ ಅವರು ಬಿಡಲಿಲ್ಲ.

2011ರ ಜುಲೈಯಲ್ಲಿ ಎರಡೂ ದೇಶದ ಸಿಬ್ಬಂದಿ ಒಟ್ಟಿಗೆ ಮನೆಮನೆಗೆ ಹೋಗಿ ತಲೆ ಎಣಿಸಿದರು. ಬಾಂಗ್ಲಾದೇಶದೊಳಗಿನ ಭಾರತೀಯ ಛಿಟ್‌ಗಳಲ್ಲಿ 37 ಸಾವಿರಕ್ಕೂ ಹೆಚ್ಚು ಜನ, ಭಾರತದೊಳಗಿನ ಬಾಂಗ್ಲಾದೇಶಿ ಛಿಟ್‌ಗಳಲ್ಲಿ 14 ಸಾವಿರಕ್ಕೂ ಹೆಚ್ಚು. ಎಕರೆ ಎಣಿಕೆಯಿಂದ ತಲೆ ಎಣಿಕೆಗೆ ಬಂದದ್ದೇ ಈ ಚರಿತ್ರೆಯ ತಿರುವು ಎಂದು ನಮ್ಮ ಅಭಿಪ್ರಾಯ. ಆ ವರ್ಷ ಸೆಪ್ಟೆಂಬರಿನಲ್ಲಿ ಮನಮೋಹನ್ ಸಿಂಗ್ ಢಾಕಾಕ್ಕೆ ಹೋಗಿ ಶೇಖ್ ಹಸೀನಾರೊಂದಿಗೆ ಹೊಸ ಪ್ರೋಟೊಕಾಲಿಗೆ ಒಪ್ಪಿದರು. 2013ರ ಡಿಸೆಂಬರಿನಲ್ಲಿ ಮಸೂದೆ ರಾಜ್ಯಸಭೆಗೆ ಬಂದಾಗ ಬಿಜೆಪಿ, ತೃಣಮೂಲ, ಅಸ್ಸಾಂ ಗಣ ಪರಿಷತ್ ವಿರೋಧಿಸಿದವು. ಒಂದೂವರೆ ವರ್ಷದ ಮೇಲೆ, ಆಗ ವಿರೋಧಿಸಿದ್ದ ಬಿಜೆಪಿಯ ಸರಕಾರವೇ ಮಸೂದೆಯನ್ನು ಮುಂದೆ ತಂದಿತು. ಮೇ 6ರಂದು ರಾಜ್ಯಸಭೆಯಲ್ಲಿ, 7ರಂದು ಲೋಕಸಭೆಯಲ್ಲಿ ಸಂವಿಧಾನದ ನೂರನೇ ತಿದ್ದುಪಡಿ ಪಾಸಾಯಿತು. ಎರಡೂ ಸದನಗಳಲ್ಲಿ ವಿರುದ್ಧವಾಗಿ ಒಂದೂ ಮತ ಬೀಳಲಿಲ್ಲ. ಜೂನ್ 6ರಂದು ನರೇಂದ್ರ ಮೋದಿ ಢಾಕಾದಲ್ಲಿ ಪತ್ರಗಳನ್ನು ವಿನಿಮಯ ಮಾಡಿಕೊಂಡರು. ಮಮತಾ ಬ್ಯಾನರ್ಜಿಯೂ ಅಲ್ಲಿದ್ದರು. ಯಾರು ಮೊದಲು ವಿರೋಧಿಸಿದರು, ಯಾರು ಆಮೇಲೆ ಒಪ್ಪಿದರು ಎಂದು ಲೆಕ್ಕ ಹಾಕಿ ಚುಚ್ಚುವವರು ಚುಚ್ಚಲಿ. ವಿರೋಧ ಬಿಟ್ಟು ಸರಿಯಾದುದರ ಕಡೆಗೆ ಬಂದವರನ್ನು ನಾವು ಹಳಿಯುವುದಿಲ್ಲ. ಆದರೆ ಕರಾರು ಪಾಲಿಸಲು 41 ವರ್ಷ ತೆಗೆದುಕೊಂಡದ್ದು ಎಲ್ಲ ಪಕ್ಷಗಳ ಲೆಕ್ಕಕ್ಕೂ ಸೇರುತ್ತದೆ. ಕರಾರಿನ ಬಗ್ಗೆ ಪ್ರಶ್ನೆ ಕೇಳಲಾಗುವುದು ಎಂದು ಕುರ್‌ಆನ್ ಹೇಳುವಾಗ ಅದು ಅಂಗಡಿಯ ಉದ್ರಿ ಲೆಕ್ಕಕ್ಕೆ ಮಾತ್ರ ಸೀಮಿತವಲ್ಲ.

ಜುಲೈ 31ರ ಮಧ್ಯರಾತ್ರಿ ಛಿಟ್‌ಗಳಲ್ಲಿ ಜನ 68 ಮೇಣದಬತ್ತಿ ಹಚ್ಚಿದರು. 1947ರಿಂದ ಲೆಕ್ಕ ಹಾಕಿದರೆ ಅಷ್ಟು ವರ್ಷ. ಬಾವುಟ ಏರಿತು. ಈ ಒಪ್ಪಂದದಲ್ಲಿ ನಮಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಒಂದು ಷರತ್ತು. ನೆಲ ಕೈಬದಲಾಯಿತು ಎಂದು ಜನರನ್ನು ಎತ್ತಿ ಎಸೆಯಲಿಲ್ಲ. ಇದ್ದಲ್ಲೇ ಇದ್ದು ಹೊಸ ದೇಶದ ಪೌರತ್ವ ಪಡೆಯುವುದೋ, ಹಳೆಯ ಪೌರತ್ವ ಉಳಿಸಿಕೊಂಡು ಆ ದೇಶಕ್ಕೆ ಹೋಗುವುದೋ ಎಂದು ಪ್ರತಿ ಮನೆಯನ್ನೂ ಕೇಳಲಾಯಿತು. 1947ರಲ್ಲಿ ಪಂಜಾಬಿನಲ್ಲಾಗಲಿ ಬಂಗಾಳದಲ್ಲಾಗಲಿ ಯಾರೂ ಯಾರನ್ನೂ ಹೀಗೆ ಕೇಳಿರಲಿಲ್ಲ.

ಜನ ಕೊಟ್ಟ ಉತ್ತರ ಏನು? ಭಾರತದೊಳಗಿನ 51 ಛಿಟ್‌ಗಳ 14 ಸಾವಿರಕ್ಕೂ ಹೆಚ್ಚು ಜನರಲ್ಲಿ ಬಹಳಷ್ಟು ಮಂದಿ ಮುಸ್ಲಿಮರು. ಕಾಗದದ ಪ್ರಕಾರ ಅವರು ಬಾಂಗ್ಲಾದೇಶದವರು. ಅವರಲ್ಲಿ ಒಬ್ಬರೂ ಬಾಂಗ್ಲಾದೇಶಕ್ಕೆ ಹೋಗಲು ಹೆಸರು ಬರೆಸಲಿಲ್ಲ. ಎಲ್ಲರೂ ಭಾರತವನ್ನು ಆರಿಸಿಕೊಂಡರು. ಆಚೆ ಕಡೆ 37 ಸಾವಿರದಲ್ಲಿ ಭಾರತಕ್ಕೆ ಬರಲು ಮುಂದಾದವರು ಸಾವಿರಕ್ಕಿಂತ ಕಡಿಮೆ. ಬಂದವರಲ್ಲಿ ಹಿಂದೂಗಳೇ ಹೆಚ್ಚು, ಮುಸ್ಲಿಮ್ ಕುಟುಂಬಗಳೂ ಇದ್ದವು. ಉಳಿದವರೆಲ್ಲ, ಹಿಂದೂಗಳೂ ಸೇರಿ, ಇದ್ದಲ್ಲೇ ಉಳಿದರು. ಧರ್ಮ ನೋಡಿ ಜನ ದೇಶ ಆರಿಸುತ್ತಾರೆ ಎಂದು ಎಣಿಸಿದ್ದವರ ಲೆಕ್ಕ ಎರಡೂ ಕಡೆ ತಪ್ಪಿತು.

ಮದ್ರಸಾದಲ್ಲಿ ಓದಿದವರಿಗೆ ಇದು ಅಷ್ಟೇನೂ ಆಶ್ಚರ್ಯವಲ್ಲ. ಇವತ್ತು ವತನ್ ಎಂದರೆ ದೇಶ, ರಾಷ್ಟ್ರ ಎಂದು ಅರ್ಥ ಮಾಡುತ್ತೇವೆ. ಆದರೆ ಹನಫಿ ಫಿಕ್ಹ್ ಗ್ರಂಥಗಳಲ್ಲಿ ಪ್ರಯಾಣಿಕನ ನಮಾಜಿನ ಅಧ್ಯಾಯದಲ್ಲಿ ವತನೆ ಅಸ್ಲಿ ಎಂಬ ಮಾತು ಬರುತ್ತದೆ. ಅದರ ಅರ್ಥ ಮನುಷ್ಯ ಹುಟ್ಟಿದ ಊರು, ಇಲ್ಲವೇ ಹೆಂಡತಿ ಮಕ್ಕಳೊಂದಿಗೆ ನೆಲೆಸಿದ ಊರು. ಅಲ್ಲಿಗೆ ತಲುಪಿದ ಕೂಡಲೇ ಅವನು ಪ್ರಯಾಣಿಕನಲ್ಲ, ಪೂರ್ಣ ನಮಾಜು ಮಾಡಬೇಕು. ಆ ಊರು ಯಾವ ಸುಲ್ತಾನನ ಕೈಯಲ್ಲಿದೆ ಎಂದು ಫಕೀಹರು ಅಲ್ಲಿ ಕೇಳುವುದಿಲ್ಲ. ಛಿಟ್‌ನ ಜನರೂ ಆರಿಸಿಕೊಂಡದ್ದು ಅಂಥ ವತನನ್ನೇ. ಅಜ್ಜ ಅಜ್ಜಿಯ ಖಬರು, ಸೆಣಬಿನ ಹೊಲ, ಮಗಳು ಮದುವೆಯಾಗಿ ಹೋದ ಪಕ್ಕದ ಊರು, ವಾರದ ಸಂತೆ. ಇವುಗಳ ಮೇಲಿನ ಪ್ರೀತಿಯನ್ನೇ ನಾವು ದೇಶಪ್ರೇಮ ಎನ್ನುತ್ತೇವೆ. ಇನ್ನೊಬ್ಬನ ಬಾಯಿಯಿಂದ ಬಲವಂತವಾಗಿ ಹೊರಡಿಸುವ ಘೋಷಣೆಗೆ ಆ ಹೆಸರು ಒಪ್ಪುವುದಿಲ್ಲ.

2016ರ ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದ ವಿಧಾನಸಭಾ ಚುನಾವಣೆಯಲ್ಲಿ ಹಳೆಯ ಛಿಟ್‌ಗಳ ಜನ ಮೊದಲ ಬಾರಿಗೆ ಮತ ಹಾಕಿದರು. ಮಶಾಲ್‌ಡಾಂಗಾದಲ್ಲಿ ನೂರು ವರ್ಷ ದಾಟಿದ ಒಬ್ಬ ಅಜ್ಜ ಮೂರು ತಲೆಮಾರಿನ ಮನೆಯವರೊಂದಿಗೆ ಬಂದು ಬೆರಳಿಗೆ ಮಸಿ ಹಚ್ಚಿಸಿಕೊಂಡರು. ಆ ಮನೆಯ ಅಷ್ಟೂ ತಲೆಮಾರುಗಳಿಗೆ ಅದೇ ಮೊದಲ ಮತ. ಬಾಂಗ್ಲಾದೇಶಕ್ಕೆ ಸೇರಿದ ದಾಸಿಯಾರ್ ಛಡಾ ಮುಂತಾದ ಊರುಗಳಿಗೆ ಕರೆಂಟು, ರಸ್ತೆ, ಶಾಲೆ ಬಂದವು.

ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಊರು ಮನೆ ಬಿಟ್ಟು ಭಾರತಕ್ಕೆ ಬಂದ ಒಂಬೈನೂರಕ್ಕೂ ಹೆಚ್ಚು ಜನರನ್ನು ದಿನ್‌ಹಾಟಾ, ಮೇಖ್ಲಿಗಂಜ್, ಹಲ್ದಿಬಾಡಿಯ ಶಿಬಿರಗಳಲ್ಲಿ ಇರಿಸಲಾಯಿತು. ತಗಡಿನ ಮನೆಗಳು. ಬೇಸಿಗೆಯಲ್ಲಿ ಒಲೆಯಂತೆ ಕಾಯುತ್ತಿದ್ದವು. ತಾತ್ಕಾಲಿಕ ಎಂದದ್ದು ವರ್ಷಗಟ್ಟಲೆ ಎಳೆಯಿತು. ಹೊಲ ಬಿಟ್ಟು ಬಂದವರು ಕೂಲಿಗೆ ಹೋದರು. ಇದ್ದಲ್ಲೇ ಉಳಿದವರಿಗೂ ಜಮೀನಿನ ದಾಖಲೆ ಬೇಗ ಕೈಗೆ ಬರಲಿಲ್ಲ. ಬಿಳಿ ಹಾಳೆಯ ಮೇಲೆ ನಡೆದಿದ್ದ ಎಷ್ಟೋ ವರ್ಷಗಳ ವ್ಯವಹಾರವನ್ನು ಕಚೇರಿಯ ಪುಸ್ತಕಕ್ಕೆ ಇಳಿಸುವುದು ಸುಲಭವೂ ಅಲ್ಲ. ಆದರೆ ಈಗ ದೂರು ಹೇಳಲು ಒಂದು ಕಚೇರಿಯಾದರೂ ಇದೆ, ಎದುರಿಗೆ ಒಬ್ಬ ಅಧಿಕಾರಿಯಾದರೂ ಕುಳಿತಿದ್ದಾನೆ.

ಇನ್ನೊಂದು ತುಣುಕು ಹಾಗೆಯೇ ಉಳಿದಿದೆ. ದಹಗ್ರಾಮ್ ಅಂಗರ್‌ಪೋತಾ ಎಂಬುದು ಸುತ್ತಲೂ ಭಾರತವಿರುವ ಬಾಂಗ್ಲಾದೇಶದ ದೊಡ್ಡ ಛಿಟ್. 1974ರ ಒಪ್ಪಂದದಲ್ಲಿ ಬೇರುಬಾಡಿ ಭಾರತಕ್ಕೆ ಉಳಿಯಿತು, ಅದಕ್ಕೆ ಬದಲಾಗಿ ಇದು ಬಾಂಗ್ಲಾದೇಶಕ್ಕೆ ಉಳಿಯಿತು. ತಾಯ್ನಾಡಿಗೆ ಹೋಗಿಬರಲು ಅದಕ್ಕೆ ಭಾರತದ ನೆಲದಲ್ಲಿ ಒಂದು ದಾರಿ ಕೊಡಬೇಕೆಂದು ಮಾತಾಗಿತ್ತು. ತೀನ್ ಬಿಘಾ ಎಂದು ಆ ದಾರಿಯ ಹೆಸರು, ಮೂರು ಬಿಘಾ ಎಂದರ್ಥ. 178 ಮೀಟರ್ ಉದ್ದ, 85 ಮೀಟರ್ ಅಗಲ. ನಮ್ಮ ಒಂದು ಈದ್ಗಾ ಮೈದಾನದಷ್ಟು ಜಾಗ. ಅದನ್ನು ಕೊಡಬಾರದೆಂದು ಚಳವಳಿಗಳಾದವು, ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1992ರ ಜೂನ್ 26ರಂದು ಗೇಟು ತೆರೆಯಿತು. ಮೊದಲು ಹಗಲಿನಲ್ಲಿ ಗಂಟೆ ಬಿಟ್ಟು ಗಂಟೆ, ಆಮೇಲೆ ಹಗಲು ಪೂರ್ತಿ. ಕತ್ತಲಾದ ಮೇಲೆ ದಹಗ್ರಾಮದಲ್ಲಿ ಯಾರಿಗಾದರೂ ಹೆರಿಗೆ ನೋವು ಬಂದರೆ ಬೆಳಗಿನವರೆಗೆ ಕಾಯಬೇಕಿತ್ತು. 2011ರಿಂದ ಗೇಟು ದಿನದ 24 ಗಂಟೆಯೂ ತೆರೆದಿರುತ್ತದೆ. ಆ ಜಾಗದ ನಡುವೆ ಭಾರತದವರು ಓಡಾಡುವ ರಸ್ತೆಯೂ ಬಾಂಗ್ಲಾದೇಶದವರು ಓಡಾಡುವ ರಸ್ತೆಯೂ ಒಂದನ್ನೊಂದು ಅಡ್ಡಹಾಯುತ್ತವೆ. ಅಡಿಯ ನೆಲ ಭಾರತದ್ದು. ಕೈಗಾಡಿ, ಸೈಕಲ್, ಶಾಲೆಯ ಮಕ್ಕಳು ಆಚೆ ಈಚೆ ಹೋಗುತ್ತಿರುತ್ತಾರೆ.